ಗಣಕಭಾಷೆಗಳಲ್ಲಿ ‘ಅಥವಾ’ ಮತ್ತು ‘ಇಲ್ಲದಿದ್ದರೆ’: ತಾರ್ಕಿಕ ಉಕ್ತಿಯೊಳಗೆ ಆದೇಶಪದಗಳು ಬಂದ ಬಗೆ

೧

ಗಣಕಯಂತ್ರಕ್ಕಾಗಿ ಬರೆಯುವ ವಾಕ್ಯಗಳಲ್ಲಿ ಎರಡು ಜಾತಿಗಳುಂಟು. ಒಂದು ಬೆಲೆಯನ್ನು ತಿಳಿಸತಕ್ಕದ್ದು. ಇನ್ನೊಂದು ಕಾರ್ಯವನ್ನು ವಿಧಿಸತಕ್ಕದ್ದು. ‘ಐದಕ್ಕಿಂತ ಏಳು ದೊಡ್ಡದು’ ಎಂಬುದು ಮೊದಲನೆಯ ಜಾತಿಗೆ ಸೇರಿದ್ದು. ಅದಕ್ಕೆ ನಿಜ ಅಥವಾ ಸುಳ್ಳು ಎಂಬ ಬೆಲೆಯಿದೆ. ‘ಇಲ್ಲಿಂದ ಹಿಂದಿರುಗು’ ಎಂಬುದು ಎರಡನೆಯ ಜಾತಿಯದು. ಅದು ನಿಜವೂ ಅಲ್ಲ, ಸುಳ್ಳೂ ಅಲ್ಲ. ಪ್ರಕೃತ ಲೇಖನದಲ್ಲಿ ಮೊದಲನೆಯದನ್ನು ‘ಉಕ್ತಿ’ ಎಂದೂ ಎರಡನೆಯದನ್ನು ‘ಆದೇಶ’ ಎಂದೂ ಕರೆಯಲಾಗಿದೆ.

‘ಆಂಡ್’, ‘ಆರ್’ ಎಂಬ ತಾರ್ಕಿಕ ಸಂಯೋಜಕಗಳು ಉಕ್ತಿಗಳನ್ನು ಕೂಡಿಸಲು ಹುಟ್ಟಿದವು. ನಿಜ-ಸುಳ್ಳುಗಳೆರಡನ್ನು ಪಡೆದು ಮತ್ತೊಂದು ನಿಜವನ್ನೋ ಸುಳ್ಳನ್ನೋ ಕೊಡುವುದು ಅವುಗಳ ಕೆಲಸ. ಆದರೆ ಪರ್ಲ್, ರೂಬಿ ಮೊದಲಾದ ಭಾಷೆಗಳಲ್ಲಿ ಈ ಸಂಯೋಜಕಗಳ ಬಲಗಡೆಯಲ್ಲಿ ‘ರಿಟರ್ನ್’ (ಹಿಂದಿರುಗು), ‘ನೆಕ್ಸ್ಟ್’ (ಮುಂದಿನದಕ್ಕೆ ಹೋಗು), ‘ಡೈ’ (ಸಾಯಿ, ಎಂದರೆ ಕಾರ್ಯಕ್ರಮವನ್ನು ಅಲ್ಲಿಯೇ ಮುಗಿಸು) ಎಂಬ ಆದೇಶಪದಗಳು ನಿಸ್ಸಂಕೋಚವಾಗಿ ನಿಲ್ಲುತ್ತವೆ. ‘ಕಡತವನ್ನು ತೆರೆ, ಆರ್ ಸಾಯಿ’ ಎಂಬ ಅರ್ಥದ ಪರ್ಲ್ ವಾಕ್ಯವು ಆ ಭಾಷೆಯನ್ನು ಬಲ್ಲವರೆಲ್ಲರಿಗೂ ಚಿರಪರಿಚಿತ. ಬೆಲೆಯಿಲ್ಲದ ಪದವು ಬೆಲೆಗಳ ಪಂಕ್ತಿಯಲ್ಲಿ ಹೇಗೆ ಸ್ಥಾನ ಪಡೆಯಿತು? ಕೆಲವು ಭಾಷೆಗಳು ಇದನ್ನು ಒಪ್ಪಿ ಕೆಲವು ಏಕೆ ಒಪ್ಪಲಿಲ್ಲ? ಈ ‘ಆರ್’ ಶಬ್ದಕ್ಕೆ ಕನ್ನಡದಲ್ಲಿ ತಕ್ಕ ಪ್ರತಿಪದ ಯಾವುದು? ಈ ಮೂರು ಪ್ರಶ್ನೆಗಳು ಇಲ್ಲಿ ವಿಚಾರಾರ್ಹವಾಗಿವೆ. ಮೂರನೆಯದು ಮೇಲ್ನೋಟಕ್ಕೆ ಅನುವಾದದ ಪ್ರಶ್ನೆಯಂತೆ ತೋರಿದರೂ, ಮೊದಲೆರಡಕ್ಕೆ ಅದರಿಂದಲೇ ಬೆಳಕು ದೊರೆಯುವುದೆಂಬುದು ಮುಂದೆ ವ್ಯಕ್ತವಾಗುವುದು.

೨

ಜಾರ್ಜ್ ಬೂಲ್ ೧೮೫೪ರಲ್ಲಿ ಚಿಂತನೆಯ ನಿಯಮಗಳನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದನು. ಅವನ ಬೀಜಗಣಿತದಲ್ಲಿ ಸಂಯೋಜಕದ ಎಡಬಲಗಳಿಗೆ ಭೇದವಿಲ್ಲ. ‘ಕ ಮತ್ತು ಖ’ ಎಂದರೂ ‘ಖ ಮತ್ತು ಕ’ ಎಂದರೂ ಫಲ ಒಂದೇ. ತರ್ಕವು ಕಾಲಾತೀತವಾದದ್ದು, ಯಾವುದನ್ನು ಮೊದಲು ನೋಡಿದೆವು, ಯಾವುದನ್ನು ಅನಂತರ ನೋಡಿದೆವು ಎಂಬುದು ಅಲ್ಲಿ ಅಪ್ರಸ್ತುತ.

ಯಂತ್ರವಾದರೋ ಕಾಲದೊಳಗೆ ಕೆಲಸ ಮಾಡತಕ್ಕದ್ದು. ಅದು ಒಂದನ್ನು ಮೊದಲು ಪರೀಕ್ಷಿಸಿಯೇ ತೀರಬೇಕು. ಈ ಸಂಗತಿಯನ್ನು ತರ್ಕದ ನಿರೂಪಣೆಯೊಳಗೇ ಸೇರಿಸಿದವರಲ್ಲಿ ಜಾನ್ ಮೆಕಾರ್ಥಿ ಪ್ರಮುಖನು. ಲಿಸ್ಪ್ ಭಾಷೆಯ ತಳಹದಿಯನ್ನು ವಿವರಿಸಿದ ೧೯೬೦ರ ಪ್ರಬಂಧದಲ್ಲಿ ಅವನು ತಾರ್ಕಿಕ ಸಂಯೋಜಕಗಳನ್ನು ‘ಹೀಗಿದ್ದರೆ ಇದು, ಇಲ್ಲದಿದ್ದರೆ ಅದು’ ಎಂಬ ಸಾಪೇಕ್ಷ ಉಕ್ತಿಯ ಮೂಲಕ ವಿವರಿಸಿದನು. ಅದರಂತೆ ‘ಕ ಆಂಡ್ ಖ’ ಎಂದರೆ ‘ಕ ನಿಜವಾದರೆ ಖ-ದ ಬೆಲೆ, ಇಲ್ಲದಿದ್ದರೆ ಸುಳ್ಳು’. ‘ಕ ಆರ್ ಖ’ ಎಂದರೆ ‘ಕ ನಿಜವಾದರೆ ನಿಜ, ಇಲ್ಲದಿದ್ದರೆ ಖ-ದ ಬೆಲೆ’. ಈ ನಿರೂಪಣೆಯಿಂದ ಎಡಬಲಗಳ ಸಮತ್ವ ಹೋಯಿತು. ಎಡಗಡೆಯದರಿಂದಲೇ ಉತ್ತರ ನಿಶ್ಚಿತವಾದರೆ ಬಲಗಡೆಯದನ್ನು ಯಂತ್ರವು ನೋಡುವುದೇ ಇಲ್ಲ.

ಇದರ ಪ್ರಯೋಜನ ಸಣ್ಣದಲ್ಲ. ನೂರು ಹೆಸರುಗಳ ಪಟ್ಟಿಯೊಂದರಲ್ಲಿ ಒಂದು ಹೆಸರನ್ನು ಹುಡುಕುವಾಗ ‘ಕ್ರಮಾಂಕವು ನೂರನ್ನು ಮೀರಿಲ್ಲ, ಮತ್ತು ಆ ಕ್ರಮಾಂಕದ ಹೆಸರು ಇಂಥದು’ ಎಂದು ಬರೆಯಬೇಕಾಗುತ್ತದೆ. ಎರಡು ಭಾಗಗಳನ್ನೂ ಪರೀಕ್ಷಿಸುವ ಯಂತ್ರವು ಇಲ್ಲದ ನೂರೊಂದನೆಯ ಹೆಸರನ್ನು ಅರಸಿ ಮುಗ್ಗರಿಸುವುದು. ಅರ್ಧದಲ್ಲಿಯೇ ನಿಲ್ಲಬಲ್ಲ ಯಂತ್ರಕ್ಕೆ ಆ ಭಯವಿಲ್ಲ. ಹೀಗಿದ್ದರೂ ೧೯೭೦ರ ಸುಮಾರಿಗೆ ನಿಕ್ಲಾಸ್ ವಿರ್ತ್ ರೂಪಿಸಿದ ಪ್ಯಾಸ್ಕಲ್ ಭಾಷೆಯು ಈ ವಿಷಯದಲ್ಲಿ ಖಚಿತವಾದ ನಿಯಮವನ್ನು ವಿಧಿಸಲಿಲ್ಲ. ಭಾಷಾಂತರಿಸುವ ತಂತ್ರಾಂಶದ ಇಚ್ಛೆಗೆ ಅದನ್ನು ಬಿಟ್ಟಿತು.

ಪರೀಕ್ಷೆಯ ಕ್ರಮವನ್ನು ಕುರಿತ ಈ ಚಿಂತನೆಯಲ್ಲಿ ಭಾರತೀಯರ ಪಾಲೂ ಇದೆ. ಹಲವು ಷರತ್ತುಗಳನ್ನೂ ಅವುಗಳ ಫಲಗಳನ್ನೂ ಕೋಷ್ಟಕರೂಪದಲ್ಲಿ ಬರೆಯುವ ‘ನಿರ್ಣಯಕೋಷ್ಟಕ’ವೆಂಬ ಪದ್ಧತಿ ಆಗ ರೂಢಿಯಲ್ಲಿತ್ತು. ಕೋಷ್ಟಕದಲ್ಲಿ ಷರತ್ತುಗಳೆಲ್ಲ ಏಕಕಾಲದಲ್ಲಿ ನಿಂತಿರುತ್ತವೆ. ಯಂತ್ರಕ್ಕಾದರೆ ಅವನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸುವ ಕ್ರಮವಾಗಿ ಪರಿವರ್ತಿಸಿಕೊಡಬೇಕು. ಈ ಪರಿವರ್ತನೆಯನ್ನು ಕುರಿತು ಸಿ. ಆರ್. ಮುತ್ತುಕೃಷ್ಣನ್ ಮತ್ತು ವಿ. ರಾಜಾರಾಮನ್ ಬರೆದ ಪ್ರಬಂಧವು ೧೯೭೦ರಲ್ಲಿ ಅಮೆರಿಕದ ಗಣಕಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಇವರಲ್ಲಿ ರಾಜಾರಾಮನ್ ಅವರು ೧೯೮೨ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದುದು ಇಲ್ಲಿಯ ಅಧ್ಯಾಪಕವರ್ಗಕ್ಕೆ ವಿದಿತವಾದ ವಿಷಯ.

೩

ಬಲಗಡೆಯದನ್ನು ನೋಡುವುದು ಎಡಗಡೆಯದರ ಫಲವನ್ನು ಅವಲಂಬಿಸಿದೆಯೆಂದ ಮೇಲೆ, ಬಲಗಡೆಯಲ್ಲಿ ಬೆಲೆಗೆ ಬದಲಾಗಿ ಕಾರ್ಯವನ್ನೇ ಇಡಬಾರದೇಕೆ ಎಂಬ ಯೋಚನೆ ಸಹಜವಾಗಿಯೇ ಹುಟ್ಟಿತು. ಡೆನಿಸ್ ರಿಚಿ ೧೯೭೦ರ ದಶಕದ ಆರಂಭದಲ್ಲಿ ರೂಪಿಸಿದ ಸಿ ಭಾಷೆಯಲ್ಲಿ ಅರ್ಧದಲ್ಲಿ ನಿಲ್ಲುವ ‘ಆರ್’ಗೆ ಎರಡು ನಿಲುಗೆರೆಗಳ ಪ್ರತ್ಯೇಕ ಚಿಹ್ನೆ ದೊರೆಯಿತು. ಈ ಬೇರ್ಪಡಿಕೆಯನ್ನು ಸೂಚಿಸಿದವನು ಅಲನ್ ಸ್ನೈಡರ್ ಎಂದು ರಿಚಿಯೇ ಬರೆದಿದ್ದಾನೆ. ಆದರೂ ಸಿ ಭಾಷೆಯಲ್ಲಿ ‘ರಿಟರ್ನ್’ ಎಂಬುದು ಆದೇಶವಾಗಿಯೇ ಉಳಿಯಿತು; ಅದನ್ನು ಆ ಚಿಹ್ನೆಯ ಬಲಗಡೆಯಲ್ಲಿ ಇಡುವಂತಿಲ್ಲ.

ಆ ಗಡಿ ಅಳಿದದ್ದು ಯೂನಿಕ್ಸ್ ವ್ಯವಸ್ಥೆಯ ಆಜ್ಞಾಭಾಷೆಯಲ್ಲಿ. ೧೯೭೯ರಲ್ಲಿ ಯೂನಿಕ್ಸಿನ ಏಳನೆಯ ಆವೃತ್ತಿಯೊಡನೆ ಬಂದ ಸ್ಟೀಫನ್ ಬೋರ್ನನ ‘ಶೆಲ್’ನಲ್ಲಿ ಪ್ರತಿಯೊಂದು ಆಜ್ಞೆಯೂ ಮುಗಿಯುವಾಗ ಒಂದು ಅಂಕಿಯನ್ನು ಹಿಂದಕ್ಕೆ ಕೊಡುತ್ತದೆ, ಸೊನ್ನೆಯಾದರೆ ಸಫಲ, ಬೇರೆಯಾದರೆ ವಿಫಲ. ಆದಕಾರಣ ಅಲ್ಲಿ ಆಜ್ಞೆಯೇ ಒಂದು ಬಗೆಯ ಉಕ್ತಿ. ‘ಈ ಕೋಶಕ್ಕೆ ಹೋಗು, ಆಗದಿದ್ದರೆ ನಿಲ್ಲಿಸು’ ಎಂಬುದನ್ನು ಎರಡು ಆಜ್ಞೆಗಳ ನಡುವೆ ಎರಡು ನಿಲುಗೆರೆಗಳನ್ನಿಟ್ಟು ಹೇಳಬಹುದಾಯಿತು.

ಲ್ಯಾರಿ ವಾಲ್ ೧೯೮೭ರಲ್ಲಿ ಪರ್ಲ್ ಭಾಷೆಯನ್ನು ಬಿಡುಗಡೆ ಮಾಡಿದಾಗ ಶೆಲ್ಲಿನ ಈ ರೂಢಿಯನ್ನು ಉಳಿಸಿಕೊಂಡನು. ಅವನು ಭಾಷಾಶಾಸ್ತ್ರವನ್ನು ಅಭ್ಯಾಸ ಮಾಡಿದ್ದವನು. ಇಂಗ್ಲಿಷಿನಲ್ಲಿ ‘ನಿಲ್ಲು, ಇಲ್ಲದಿದ್ದರೆ ಗುಂಡು ಹಾರಿಸುತ್ತೇನೆ’ ಎಂಬ ಬೆದರಿಕೆಯನ್ನು ‘ಆರ್’ ಒಂದರಿಂದಲೇ ಹೇಳಬಹುದಾದ್ದರಿಂದ, ‘ತೆರೆ ಆರ್ ಸಾಯಿ’ ಎಂಬುದು ಆ ನುಡಿಯವರ ಕಿವಿಗೆ ಸಹಜವಾಗಿಯೇ ಕೇಳಿಸಿತು.

ಆದರೆ ಇಲ್ಲೊಂದು ತೊಡಕು ಕಾಣಿಸಿಕೊಂಡಿತು. ಎರಡು ನಿಲುಗೆರೆಗಳ ಚಿಹ್ನೆಯು ತನ್ನ ಅಕ್ಕಪಕ್ಕದ ಪದಗಳನ್ನು ಬಿಗಿಯಾಗಿ ಹಿಡಿಯತಕ್ಕದ್ದು. ‘ತೆರೆ’ ಎಂಬುದರ ಮುಂದೆ ಆವರಣಚಿಹ್ನೆಗಳಿಲ್ಲದೆ ಕಡತದ ಹೆಸರನ್ನೂ, ಅದರ ಮುಂದೆ ಈ ಚಿಹ್ನೆಯನ್ನೂ ‘ಸಾಯಿ’ ಎಂಬುದನ್ನೂ ಬರೆದರೆ, ಚಿಹ್ನೆಯು ಹಿಡಿಯುವುದು ‘ತೆರೆ’ ಎಂಬ ಕ್ರಿಯೆಯನ್ನಲ್ಲ, ಕಡತದ ಹೆಸರನ್ನು. ಆಗ ವಾಕ್ಯದ ಅರ್ಥವು ‘ಕಡತದ ಹೆಸರು ಅಥವಾ ಸಾವು, ಇವುಗಳಲ್ಲಿ ಒಂದನ್ನು ತೆರೆ’ ಎಂದಾಗುತ್ತದೆ. ಹೆಸರು ಬರಿದಾಗಿಲ್ಲದ ಕಾರಣ ಯಂತ್ರವು ಅದನ್ನು ‘ನಿಜ’ವೆಂದೇ ಎಣಿಸುವುದು, ‘ಸಾಯಿ’ ಎಂಬ ಆದೇಶದ ಸರದಿ ಎಂದೆಂದಿಗೂ ಬಾರದು. ಕಡತ ತೆರೆಯದಿದ್ದರೂ ಕಾರ್ಯಕ್ರಮವು ಮೌನವಾಗಿ ಮುಂದುವರಿದು, ಓದದ ಲೆಕ್ಕವನ್ನು ಓದಿದಂತೆ ಭಾವಿಸಿ ಫಲಿತಾಂಶವನ್ನು ಮುದ್ರಿಸುವುದು. ಗಟ್ಟಿಯಾಗಿ ಕೂಗಿ ನಿಲ್ಲುವ ಯಂತ್ರಕ್ಕಿಂತ ಹೀಗೆ ಸುಮ್ಮನೆ ಸಾಗುವ ಯಂತ್ರವು ಹೆಚ್ಚು ಅಪಾಯಕಾರಿಯೆಂಬುದನ್ನು ವಿವರಿಸಬೇಕಾಗಿಲ್ಲ.

೧೯೯೪ರಲ್ಲಿ ಬಂದ ಪರ್ಲ್ ಭಾಷೆಯ ಐದನೆಯ ಆವೃತ್ತಿಯು ಇದಕ್ಕೆ ಪರಿಹಾರವಾಗಿ ‘ಆಂಡ್’, ‘ಆರ್’, ‘ನಾಟ್’ ಎಂಬ ಪದಗಳನ್ನೇ ಸಂಯೋಜಕಗಳಾಗಿ ಸೇರಿಸಿತು. ಇವುಗಳ ಹಿಡಿತ ಬಹಳ ಸಡಿಲ. ‘ಆರ್’ ಎಂಬುದು ತನ್ನ ಎಡಗಡೆಯ ಇಡೀ ವಾಕ್ಯವನ್ನು ಒಂದೇ ಘಟಕವಾಗಿ ಗ್ರಹಿಸುತ್ತದೆ. ಹೀಗೆ ಒಂದೇ ತಾರ್ಕಿಕ ಕಾರ್ಯಕ್ಕೆ ಎರಡು ಸಂಯೋಜಕಗಳಾದವು: ಪದಗಳ ನಡುವೆ ನಿಲ್ಲಲು ಬಿಗಿಯಾದದ್ದೊಂದು, ವಾಕ್ಯಗಳ ನಡುವೆ ನಿಲ್ಲಲು ಸಡಿಲವಾದದ್ದೊಂದು. ಈ ದ್ವೈತವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

೪

ಯುಕಿಹಿರೊ ಮಾತ್ಸುಮೊಟೊ ೧೯೯೫ರಲ್ಲಿ ಪ್ರಕಟಿಸಿದ ರೂಬಿ ಭಾಷೆಯು ಪರ್ಲಿನಿಂದ ಈ ಜೋಡಿಯನ್ನು ಪಡೆಯಿತು. ‘ಬೆಲೆಯನ್ನು ಹುಡುಕು, ಆರ್ ಹಿಂದಿರುಗು’ ಎಂಬಂಥ ವಾಕ್ಯಗಳು ಅಲ್ಲಿ ಸಾಧು. ಆದರೆ ಒಂದು ವ್ಯತ್ಯಾಸವುಂಟು. ಪರ್ಲಿನಲ್ಲಿ ‘ಆಂಡ್’ ಎಂಬುದು ‘ಆರ್’ಗಿಂತ ಬಿಗಿ, ರೂಬಿಯಲ್ಲಿ ಎರಡೂ ಸಮಬಲವುಳ್ಳವು, ಎಡದಿಂದ ಬಲಕ್ಕೆ ಕ್ರಮವಾಗಿ ಸಾಗುವವು. ರೂಬಿಯಲ್ಲಿ ಇವು ತರ್ಕದ ಸಂಯೋಜಕಗಳಾಗಿರುವುದಕ್ಕಿಂತ ಹೆಚ್ಚಾಗಿ ಕಾರ್ಯಗಳ ಸರಪಳಿಯ ಕೊಂಡಿಗಳಾಗಿವೆ ಎಂಬುದು ಇದರಿಂದ ಸ್ಪಷ್ಟ. ಇದನ್ನರಿಯದೆ ಬೆಲೆಗಳನ್ನು ಕೂಡಿಸಲು ಇವನ್ನು ಬಳಸಿದರೆ ವಿಪರೀತ ಫಲ ಉಂಟಾಗುತ್ತದೆ. ‘ಗ ಎಂಬುದಕ್ಕೆ ಕ ಆರ್ ಖ’ ಎಂದು ಬೆಲೆಯನ್ನು ನಿಯೋಜಿಸಿದರೆ, ಸಡಿಲವಾದ ‘ಆರ್’ ಹೊರಗುಳಿದು, ಗ-ಕ್ಕೆ ಕ-ದ ಬೆಲೆ ಮಾತ್ರ ಸಲ್ಲುವುದು.

ಇನ್ನು ಕೆಲವು ಭಾಷೆಗಳು ಗಡಿಯನ್ನು ದಾಟಗೊಡಲಿಲ್ಲ. ೧೯೯೧ರಲ್ಲಿ ಹೊರಬಂದ ಪೈಥಾನಿನಲ್ಲಿ ‘ಆರ್’ ಅರ್ಧದಲ್ಲಿ ನಿಲ್ಲುತ್ತದೆ. ಆದರೆ ಅದರ ಬಲಗಡೆಯಲ್ಲಿ ‘ರಿಟರ್ನ್’ ಬರೆದರೆ ಅದು ವ್ಯಾಕರಣದೋಷ. ಈ ನಿಷ್ಠೆಗೆ ತಾತ್ವಿಕವಾದ ಆಧಾರವಿಲ್ಲದಿಲ್ಲ. ಫೋರ್ಟ್ರಾನಿನ ಜನಕನಾದ ಜಾನ್ ಬ್ಯಾಕಸ್ ೧೯೭೭ರ ತನ್ನ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಗಣಕಭಾಷೆಗಳು ಉಕ್ತಿಗಳ ಲೋಕವೆಂದೂ ಆದೇಶಗಳ ಲೋಕವೆಂದೂ ಇಬ್ಭಾಗವಾಗಿರುವುದನ್ನು ವಿವರಿಸಿದನು. ಮೊದಲನೆಯದರಲ್ಲಿ ಬೀಜಗಣಿತದ ಶಿಸ್ತಿದೆ, ಎರಡನೆಯದರಲ್ಲಿ ಅದಿಲ್ಲವೆಂಬುದು ಅವನ ಮತ. ಆ ದೃಷ್ಟಿಯಿಂದ ನೋಡಿದರೆ ಉಕ್ತಿಯೊಳಗೆ ‘ಹಿಂದಿರುಗು’ ಎಂಬುದನ್ನು ಸೇರಿಸುವುದು ಶಿಸ್ತಿನ ಲೋಕಕ್ಕೆ ಅಶಿಸ್ತನ್ನು ಬರಮಾಡಿಕೊಂಡಂತೆ.

ಇದಕ್ಕೆ ಉತ್ತರವೂ ಉಂಟು. ೧೯೬೮ರ ಆಲ್ಗೋಲ್ ಭಾಷೆಯು ಉಕ್ತಿ-ಆದೇಶಗಳ ಭೇದವನ್ನೇ ತೆಗೆದುಹಾಕಿ, ಬೇರೆಡೆಗೆ ಜಿಗಿಯುವ ಆದೇಶವು ಯಾವ ಜಾತಿಯ ಬೆಲೆಯ ಸ್ಥಾನದಲ್ಲಿಯಾದರೂ ನಿಲ್ಲಬಹುದೆಂದು ವಿಧಿಸಿತ್ತು. ೨೦೧೫ರಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಕಂಡ ರಸ್ಟ್, ೨೦೧೬ರಲ್ಲಿ ಕಂಡ ಕಾಟ್ಲಿನ್ ಎಂಬ ಭಾಷೆಗಳು ಇದೇ ವಿಚಾರವನ್ನು ಇನ್ನಷ್ಟು ಸ್ಫುಟಗೊಳಿಸಿವೆ. ಇವುಗಳಲ್ಲಿ ‘ಹಿಂದಿರುಗು’ ಎಂಬುದಕ್ಕೂ ಒಂದು ಜಾತಿಯಿದೆ. ಅದು ಒಂದು ಬೆಲೆಯೂ ಇಲ್ಲದ ಶೂನ್ಯಜಾತಿ. ಶೂನ್ಯಗಣವು ಎಲ್ಲ ಗಣಗಳ ಉಪಗಣವಾಗಿರುವಂತೆ ಈ ಶೂನ್ಯಜಾತಿಯು ಎಲ್ಲ ಜಾತಿಗಳೊಡನೆಯೂ ಹೊಂದುತ್ತದೆ. ಹಿಂದಿರುಗಿ ಹೋದವನು ಬೆಲೆಯನ್ನು ತಂದುಕೊಡುವ ಪ್ರಸಂಗವೇ ಇಲ್ಲವಾದ್ದರಿಂದ, ತಪ್ಪು ಬೆಲೆಯನ್ನು ತಂದಾನೆಂಬ ಆತಂಕವೂ ಇಲ್ಲ. ಹಾಗಾಗಿ ಉಕ್ತಿಯ ಶಿಸ್ತಿಗೆ ಭಂಗ ಬರುವುದಿಲ್ಲ. ೨೦೧೭ರಲ್ಲಿ ಸಿ-ಶಾರ್ಪ್, ೨೦೨೦ರಲ್ಲಿ ಪಿಎಚ್‌ಪಿ ಭಾಷೆಗಳು ದೋಷವನ್ನು ಘೋಷಿಸುವ ‘ಥ್ರೋ’ ಎಂಬ ಆದೇಶಕ್ಕೆ ಉಕ್ತಿಯೊಳಗೆ ಸ್ಥಾನ ಕೊಟ್ಟವು.

ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಏಡಾ ಭಾಷೆ. ಅದರ ೧೯೮೩ರ ಪ್ರಮಾಣದಲ್ಲಿ ‘ಆರ್’ ಎಂಬುದು ಎರಡು ಭಾಗಗಳನ್ನೂ ಪರೀಕ್ಷಿಸುತ್ತದೆ. ಅರ್ಧದಲ್ಲಿ ನಿಲ್ಲತಕ್ಕದ್ದಕ್ಕೆ ‘ಆರ್ ಎಲ್ಸ್’ ಎಂಬ ಬೇರೆ ಸಂಯೋಜಕವಿದೆ. ಇಂಗ್ಲಿಷಿನ ಒಂದು ಶಬ್ದದಲ್ಲಿ ಹುದುಗಿದ್ದ ಎರಡು ಅರ್ಥಗಳು ಏಡಾದಲ್ಲಿ ಎರಡು ಬೇರೆ ರೂಪಗಳನ್ನು ಪಡೆದವು.

೫

ಈಗ ಕನ್ನಡಕ್ಕೆ ಬರೋಣ. ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನಲ್ಲಿ ಘಟಪ್ರಭಾ ನದಿಯ ಬಳಿ ಅನಗವಾಡಿ ಎಂಬ ಊರಿದೆ. ಈ ನದಿಯು ಮುಂದೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಹೊಳೆಯ ಬದಿಯ ಇಂಥ ಊರಿನ ಆಡುನುಡಿಯಲ್ಲಿ ಒಂದು ವಾಕ್ಯವನ್ನು ಕಲ್ಪಿಸಿಕೊಳ್ಳಬಹುದು: ‘ಹೊಳಿ ಇಳದಿದ್ರ ದಾಟು, ಇಲ್ಲಂದ್ರ ಹೊಳ್ಳಿ ಬಾ.’ ಇದರಲ್ಲಿ ಪರೀಕ್ಷೆಯೊಂದು, ಆದೇಶಗಳೆರಡು. ‘ಹೊಳ್ಳಿ ಬಾ’ ಎಂಬುದು ಗಣಕಭಾಷೆಗಳ ‘ರಿಟರ್ನ್’ ಪದಕ್ಕೆ ಅಕ್ಷರಶಃ ಸಮಾನ. ಇನ್ನು ಇದೇ ಮಾತನ್ನು ‘ಹೊಳಿ ಇಳದೈತಿ ಅಥವಾ ಹೊಳ್ಳಿ ಬಾ’ ಎಂದು ತಿದ್ದಿ ನೋಡೋಣ. ಇದು ಕನ್ನಡವಾಗಲಾರದು. ‘ಹೊಳಿ ಇಳದೈತಿ ಮತ್ತು ದಾಟು’ ಎಂಬುದೂ ಹಾಗೆಯೇ. ಸಂಗತಿಯನ್ನೂ ಆದೇಶವನ್ನೂ ‘ಅಥವಾ’, ‘ಮತ್ತು’ಗಳಿಂದ ಬೆಸೆಯಲು ನಮ್ಮ ನುಡಿ ಒಪ್ಪುವುದಿಲ್ಲ, ‘-ದರೆ’, ‘ಇಲ್ಲದಿದ್ದರೆ’ ಎಂಬ ರೂಪಗಳನ್ನು ಬೇಡುತ್ತದೆ.

ಇವೆರಡರ ಅನ್ವಯವೂ ಬೇರೆ. ‘ಅಥವಾ’ ಎಂಬುದು ‘ಜೋಳ ಅಥವಾ ಅಕ್ಕಿ ತಾ’ ಎಂಬಲ್ಲಿಯಂತೆ ನಾಮಪದಗಳ ನಡುವೆ ಸುಲಭವಾಗಿ ನಿಲ್ಲುತ್ತದೆ. ಅಲ್ಲಿ ಅದರ ಹಿಡಿತ ಬಿಗಿ, ಎಡಬಲಗಳು ಸಮಾನ. ‘ಇಲ್ಲದಿದ್ದರೆ’ ಎಂಬುದು ಹಾಗಲ್ಲ. ಅದರ ಒಡಲಿನಲ್ಲಿಯೇ ನಿಷೇಧವಿದೆ. ಆ ನಿಷೇಧವು ಹಿಂದಿನ ಇಡೀ ವಾಕ್ಯಕ್ಕೆ ಅನ್ವಯಿಸುತ್ತದೆ. ‘ಕಡತವನ್ನು ತೆರೆ, ಇಲ್ಲದಿದ್ದರೆ ನಿಲ್ಲಿಸು’ ಎಂದಾಗ ಆ ನಿಷೇಧವು ‘ಕಡತ’ ಎಂಬ ಪದವೊಂದಕ್ಕೇ ಸಲ್ಲುವುದೆಂದು ಯಾರೂ ಭ್ರಮಿಸುವುದಿಲ್ಲ. ಎಂದಮೇಲೆ, ಪರ್ಲ್ ಭಾಷೆಯು ೧೯೯೪ರಲ್ಲಿ ಕಲ್ಪಿಸಿಕೊಂಡ ಬಿಗಿ-ಸಡಿಲಗಳ ಜೋಡಿಯು ಕನ್ನಡದ ‘ಅಥವಾ-ಇಲ್ಲದಿದ್ದರೆ’ಗಳ ಜೋಡಿಗೆ ಸರಿಸಮನಾಗಿ ಹೊಂದುತ್ತದೆ. ಹಳಗನ್ನಡದಲ್ಲಿಯೂ ಹೀಗೆಯೇ, ಸಮುಚ್ಚಯಕ್ಕೂ ವಿಕಲ್ಪಕ್ಕೂ ಬಳಸುತ್ತಿದ್ದ ‘ಮೇಣ್’ ಒಂದು ಕಡೆ, ‘ಅಲ್ಲದೊಡೆ’, ‘ಇಲ್ಲದೊಡೆ’ ಎಂಬ ರೂಪಗಳು ಇನ್ನೊಂದು ಕಡೆ. ಕ್ರಿ. ಶ. ಐದನೆಯ ಶತಮಾನದ ಹಲ್ಮಿಡಿ ಶಾಸನದಿಂದ ಮೊದಲುಗೊಂಡು ನಮ್ಮ ದಾನಶಾಸನಗಳಲ್ಲಿ ಕಾಣುವ ಶಾಪೋಕ್ತಿಗಳನ್ನೂ ಇಲ್ಲಿ ಸ್ಮರಿಸಬಹುದು. ದಾನವನ್ನು ಅಳಿದವನಿಗೆ ಇಂಥ ಪಾತಕ ಎಂಬ ಆ ವಾಕ್ಯಗಳಲ್ಲಿ ಷರತ್ತನ್ನು ಹೊರುವುದು ‘ಅಳಿದವನು’ ಎಂಬ ಕೃದಂತರೂಪವೇ ಹೊರತು ವಿಕಲ್ಪಸೂಚಕವಾದ ಅವ್ಯಯವಲ್ಲ.

ನಮ್ಮ ಶಾಸ್ತ್ರಕಾರರು ಈ ಭೇದವನ್ನು ವಿವೇಚಿಸಿಯೂ ಇದ್ದಾರೆ. ಮೀಮಾಂಸಕರ ಪ್ರಕಾರ ಯಾಗಕ್ಕೆ ಭತ್ತವನ್ನಾಗಲಿ ಯವೆಯನ್ನಾಗಲಿ ಉಪಯೋಗಿಸಬಹುದೆಂಬುದು ‘ವಿಕಲ್ಪ’. ಎರಡೂ ಸಮಾನವಾಗಿ ವಿಹಿತ. ಸೋಮಲತೆ ದೊರೆಯದಿದ್ದರೆ ಪೂತೀಕವನ್ನು ಹಿಂಡಬೇಕೆಂಬುದು ವಿಕಲ್ಪವಲ್ಲ, ‘ಪ್ರತಿನಿಧಿ’ಯ ವಿಷಯ, ಮೊದಲನೆಯದು ತಪ್ಪಿದ ಹೊರತು ಎರಡನೆಯದಕ್ಕೆ ಅವಕಾಶವಿಲ್ಲ. ವಿಕಲ್ಪಕ್ಕೆ ಎಂಟು ದೋಷಗಳನ್ನು ಹೇಳಿ, ಗತ್ಯಂತರವಿಲ್ಲದಾಗ ಮಾತ್ರ ಅದನ್ನು ಒಪ್ಪಬೇಕೆಂದು ಅವರು ನಿರ್ಣಯಿಸಿದರು. ವಿಜಯನಗರದ ಒಂದನೆಯ ಬುಕ್ಕನ ಕಾಲದಲ್ಲಿ ಮಾಧವಾಚಾರ್ಯರು ರಚಿಸಿದ ‘ಜೈಮಿನೀಯ ನ್ಯಾಯಮಾಲಾವಿಸ್ತರ’ವು ಈ ಶಾಸ್ತ್ರದ ಅಧಿಕರಣಗಳನ್ನು ಸಂಗ್ರಹಿಸಿದ ಗ್ರಂಥ. ವೈಯಾಕರಣರು ‘ಚ’ಕಾರದ ನಾಲ್ಕು ಅರ್ಥಗಳನ್ನು ವಿಂಗಡಿಸುವಾಗ ‘ಅನ್ವಾಚಯ’ವೆಂಬುದೊಂದನ್ನು ಹೇಳುತ್ತಾರೆ. ಭಿಕ್ಷೆಗೆ ಹೋಗೆಂದೂ ಹಾಗೆಯೇ ಹಸುವನ್ನು ಕರೆತಾರೆಂದೂ ಶಿಷ್ಯನಿಗೆ ಹೇಳುವುದು ಅದರ ಉದಾಹರಣೆ. ಅಲ್ಲಿ ಭಿಕ್ಷಾಟನೆ ಪ್ರಧಾನ. ಹಸು ಕಂಡರೆ ಮಾತ್ರ ಎರಡನೆಯ ಕಾರ್ಯ. ಆದೇಶಗಳನ್ನು ಕೂಡಿಸುವ ‘ಮತ್ತು’ ಎಂಬುದು ಬೂಲನ ‘ಮತ್ತು’ವಿನಂತೆ ಸಮತೂಕದ್ದಲ್ಲವೆಂಬ ಅರಿವು ಇಲ್ಲಿ ಸ್ಪಷ್ಟವಾಗಿದೆ. ಪ್ರಾಚೀನರು ಗಣಕಶಾಸ್ತ್ರವನ್ನು ಬಲ್ಲವರಾಗಿದ್ದರೆಂದು ಇದರಿಂದ ಸಾಧಿಸಹೊರಡುವುದು ಅಸಂಗತ. ವಿಧಿವಾಕ್ಯಗಳನ್ನು ಸೂಕ್ಷ್ಮವಾಗಿ ಪರಿಶೀಲಿಸಿದವರಿಗೆ ಎಲ್ಲ ಕಾಲದಲ್ಲಿಯೂ ಇದೇ ಸಮಸ್ಯೆ ಎದುರಾಗುವುದೆಂದಷ್ಟೇ ಇದರ ತಾತ್ಪರ್ಯ.

೬

ಮೇಲ್ಕಂಡ ವಿವೇಚನೆಯಿಂದ ಹೊರಡುವ ನಿರ್ಣಯವು ಬೋಧನೆಗೆ ಸಂಬಂಧಿಸಿದ್ದು. ಗಣಿತದ ಕನ್ನಡ ಪಾಠಗಳಲ್ಲಿ ‘ಆಂಡ್’ ಎಂದರೆ ‘ಮತ್ತು’, ‘ಆರ್’ ಎಂದರೆ ‘ಅಥವಾ’ ಎಂದು ಕಲಿತ ವಿದ್ಯಾರ್ಥಿಯು ‘ತೆರೆ ಆರ್ ಸಾಯಿ’ ಎಂಬ ವಾಕ್ಯವನ್ನು ಎದುರಿಸಿದಾಗ ‘ತೆರೆಯುವುದು ಅಥವಾ ಸಾಯುವುದು, ಯಾವುದಾದರೂ ಒಂದು’ ಎಂದು ಓದಿಕೊಳ್ಳುವುದು ಸ್ವಾಭಾವಿಕ. ಅದರಲ್ಲಿ ಕ್ರಮವೂ ಇಲ್ಲ, ಕಾರಣವೂ ಇಲ್ಲ. ಅವನು ಅನಂತರ ಮಾಡುವ ತಪ್ಪುಗಳಿಗೆ ಅವನ ಬುದ್ಧಿಮಾಂದ್ಯ ಕಾರಣವಲ್ಲ, ಕೊಟ್ಟ ಪ್ರತಿಪದವೇ ಕಾರಣ. ಬೆಲೆಗಳ ನಡುವಿನ ‘ಆರ್’ ಶಬ್ದವನ್ನು ‘ಅಥವಾ’ ಎಂದೂ, ಆದೇಶದ ಹಿಂದಿನ ‘ಆರ್’ ಶಬ್ದವನ್ನು ‘ಇಲ್ಲದಿದ್ದರೆ’ ಎಂದೂ ಓದಿಸುವುದು ಯುಕ್ತ. ಹಾಗೆಯೇ ಆದೇಶದ ಹಿಂದಿನ ‘ಆಂಡ್’ ಶಬ್ದವನ್ನು ‘ಹಾಗಾದರೆ’ ಎಂದು ಓದಿಸಬೇಕು.

ಈ ಓದಿನಿಂದ ಎಲ್ಲ ತೊಡಕುಗಳೂ ಪರಿಹಾರವಾಗುವುವೆಂದು ಹೇಳುವಂತಿಲ್ಲ. ಯಾವ ಭಾಷೆಯಲ್ಲಿ ಯಾವ ಸಂಯೋಜಕದ ಹಿಡಿತ ಎಷ್ಟು ಬಿಗಿ ಎಂಬುದನ್ನು ಆಯಾ ಭಾಷೆಯ ಪ್ರಮಾಣಗ್ರಂಥದಿಂದಲೇ ಅರಿಯಬೇಕು. ಸಂದೇಹವಿದ್ದಲ್ಲಿ ಆವರಣಚಿಹ್ನೆಗಳನ್ನು ಹಾಕುವುದು, ಸರಪಳಿ ಉದ್ದವಾದಲ್ಲಿ ಸಾಪೇಕ್ಷ ವಾಕ್ಯವನ್ನು ಬಿಡಿಸಿ ಬರೆಯುವುದು ಕ್ಷೇಮ. ಆದರೆ ಪರ್ಲಿನ ಆ ಹಳೆಯ ವಾಕ್ಯವನ್ನು ವಿದ್ಯಾರ್ಥಿಯು ಕನ್ನಡದಲ್ಲಿ ಗಟ್ಟಿಯಾಗಿ ಓದುವುದನ್ನು ರೂಢಿಸಿಕೊಂಡರೆ, ‘ಇಲ್ಲದಿದ್ದರೆ’ ಎಂಬಲ್ಲಿಗೆ ಬಂದಾಗ ‘ಏನು ಇಲ್ಲದಿದ್ದರೆ?’ ಎಂಬ ಪ್ರಶ್ನೆ ತಾನಾಗಿಯೇ ಏಳುವುದು. ಉತ್ತರವು ‘ಕಡತ ತೆರೆಯದಿದ್ದರೆ’ ಎಂದಾದರೆ ಬರೆದದ್ದು ಸರಿ. ‘ಕಡತದ ಹೆಸರು ಇಲ್ಲದಿದ್ದರೆ’ ಎಂದಾದರೆ ಸಂಯೋಜಕವನ್ನು ಬದಲಿಸಬೇಕು.